ಎಮ್ಮೆ ಅಕ್ಷರ

ನಮ್ಮ ಮನೆಯ ಉಪ್ಪಿನ ಡಬ್ಬಿಯ ಮೇಲೆ ಅಪ್ಪ ಬರೆದಿದ್ದ ‘ಉಪ್ಪು’ ಡಬ್ಬಿಯ ಮುಕ್ಕಾಲು ಸುತ್ತು ಬರುತ್ತಿತ್ತು. ಪೂರ್ತಿ ಓದಬೇಕೆಂದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಬೇಕು. ಸಕ್ಕರೆ, ರವೆ, ಕಡಲೆಬೇಳೆ ಎಲ್ಲದರ ಹಣೆಬರಹವೂ ಅದೇ. ಹಳದಿ ಬಳಿದ ಡಬ್ಬಿಗಳ ಮೇಲೆ ಕಪ್ಪು ಎನಾಮಲ್ ಪೇಂಟಿನಲ್ಲಿ, ಬೆರಳಗಲದ ಗೆರೆಗಳಲ್ಲಿ, ಚಕ್ಕಂಬಕ್ಕಳ ಹಾಕಿ ಕೂತಂಥ ಅಕ್ಷರಗಳು. ಒಂದು ಲೋಟ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರು ‘ನಿಮ್ಮನೇಲಿ ಡಬ್ಬಿಗಳೇ ಕೂಗಾಡ್ತವಲ್ಲಮ್ಮ’ ಎಂದು ನಗುತ್ತಿದ್ದರು. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ‘ಹೊಸ್ತಿಲು’, ನೀರಿನ ತೊಟ್ಟಿಯ ಮೇಲೆ ‘ತೊಟ್ಟಿ’, ಬಚ್ಚಲಿಗೆ ಇಳಿಯುವ ಕಡೆ ‘ಮೆಟ್ಟಿಲು, ಹುಷಾರು’. ಮೊದಲೇ ಹೇಳಿಬಿಡುತ್ತೇನೆ, ಇಷ್ಟೆಲ್ಲವನ್ನೂ ಅಪ್ಪ ಬರೆದದ್ದು ಅಮ್ಮನೊಬ್ಬಳಿಗಾಗಿ. ಅದರಲ್ಲಿ ಒಂದನ್ನೂ ಅಮ್ಮನಿಗೆ ಓದಲಾಗುತ್ತಿರಲಿಲ್ಲ.

ಅಪ್ಪ ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ‘ಸಂಬಳ ಸ್ಕೂಲಿಂದು, ಊಟ ಹುಳೂಂದು’ ಎಂದು ಅಜ್ಜಿ ಆಗಾಗ ನೆನಪಿಸುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ಅಮ್ಮ, ಬಾಗೇಪಲ್ಲಿ ಕಡೆಯ ಹೆಣ್ಣು. ಸಿಟ್ಟು ಬಂದರೆ ಮಾತು ತೆಲುಗಿಗೆ ಜಾರುತ್ತಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು, ಅಷ್ಟೇ. ಮುಂದೆ ನಡುಮನೆ, ಅದಕ್ಕೆ ಅಂಟಿಕೊಂಡು ಹೊಗೆ ತುಂಬಿದ ಅಡುಗೆಮನೆ, ಹಿಂದೆ ಹುಳುಮನೆ. ರೇಷ್ಮೆಹುಳು ಸಾಕುವ ಕೋಣೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ, ಒಳ್ಳೆಯ ಗಾಳಿ ಬರುವ ಕೋಣೆ ಅದೇ. ಮನುಷ್ಯರು ಉಳಿದ ಕಡೆ ಹೊಂದಿಕೊಂಡು ಮಲಗಬೇಕು. ಹುಳು ಜ್ವರಕ್ಕೆ ಕೂತಾಗ, ಅಂದರೆ ಸೊಪ್ಪು ಬಿಟ್ಟು ಪೊರೆ ಕಳಚಲು ಸುಮ್ಮನೆ ಕೂತಾಗ, ಒಗ್ಗರಣೆಯ ಘಾಟು ಕೂಡ ಆ ಕಡೆ ಹೋಗಬಾರದು, ಜೋರಾಗಿ ಜಗಳವಾಡಬಾರದು. ಹೀಗಾಗಿ ನಮ್ಮ ಮನೆಯ ದೊಡ್ಡ ಜಗಳಗಳೆಲ್ಲ ಗೂಡು ಮಾರಿ ಬಂದ ಮೇಲೆಯೇ ಆಗುತ್ತಿದ್ದವು. ಕೋಣೆ ಕೋಣೆಗೂ ನಡುವೆ ಎತ್ತರದ ಕಲ್ಲಿನ ಹೊಸ್ತಿಲು. ಅಮ್ಮನ ಎರಡು ಕಾಲಿನ ಮುಂಗಾಲ ಮೂಳೆಯ ಮೇಲೂ ಆ ಹೊಸ್ತಿಲುಗಳ ಗಾಯ ಒಣಗಿದ್ದನ್ನು ನಾನು ನೋಡಿಯೇ ಇಲ್ಲ.

ಅಮ್ಮನ ಹೆಸರು ಸರೋಜ. ಸಾದಲಿಯ ಕಡೆಯವಳು, ಹುಟ್ಟಿದಾಗಿನಿಂದ ರೇಷ್ಮೆ ಕೆಲಸ ಬಲ್ಲವಳು. ತಟ್ಟೆ ತುಂಬ ಹರಿದಾಡುವ ಹುಳುಗಳಲ್ಲಿ ಯಾವುದು ಹಣ್ಣಾಗಿದೆ, ಯಾವುದು ಗೂಡು ಕಟ್ಟಲು ತಯಾರಾಗಿದೆ ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ಹೇಳುತ್ತಿದ್ದಳು. ಆದರೆ ಅದೇ ಅಮ್ಮ ಬಡಿಸುವಾಗ ಎಲೆಯ ಪಕ್ಕ ಇಟ್ಟ ಲೋಟಕ್ಕೆ ಕಾಲು ತಾಗಿಸಿ ಚೆಲ್ಲುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದರೂ ‘ಅಮ್ಮಣ್ಣಿ, ಎಲ್ಲಿದೀಯೇ?’ ಎಂದು ಕೂಗುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಅಜ್ಜಿಗೆ ಇದು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.

“ಸೂಜಿಗೆ ದಾರ ಪೋಣ್ಸೋ ಕಣ್ಣಿಗೆ ಕಾಲ್ಕೆಳಗಿನ ಚೊಂಬು ಕಾಣಲ್ವಂತೆ! ಕಂಡ್ಲು ಲೇವಾ ನೀಕು? ಕಣ್ಣಿಲ್ವೇನೇ ನಿಂಗೆ? ಐತೆ ಕಣೇ, ಚೆನ್ನಾಗೈತೆ. ಕೆಲ್ಸ ಮಾಡಕ್ಕೆ ಮನಸ್ಸಿಲ್ಲ ಅಷ್ಟೇ.”

ಈಗ ಯೋಚಿಸಿದರೆ ಅಜ್ಜಿಯ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಕಣ್ಣು ಮಂಜಾದವರು ಸೂಜಿ ಪೋಣಿಸಲಾರರು, ಸೂಜಿ ಪೋಣಿಸುವವರ ಕಣ್ಣು ಮಂಜಾಗಿರಲಾರದು. ನ್ಯಾಯಾಲಯದಲ್ಲಿ ನಿಂತರೂ ಅಜ್ಜಿಯೇ ಗೆಲ್ಲುತ್ತಿದ್ದಳು. ಅಮ್ಮನಿಗಂತೂ ತನಗೇನಾಗಿದೆ ಎಂದು ಹೇಳಲು ಮಾತೇ ಇರಲಿಲ್ಲ. ಹುಟ್ಟಿದಂದಿನಿಂದ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತ ಬಂದ ನೋಟವನ್ನು, ಎಲ್ಲರಿಗೂ ಹೀಗೇ ಕಾಣುತ್ತದೇನೋ ಎಂದುಕೊಂಡು ಅವಳು ಬೆಳೆದಿದ್ದಳು. ಒಂದು ಸಂಜೆ ಅವಳು ಹುಳುಮನೆಯಲ್ಲಿ ನೆಲದ ಮೇಲಿಟ್ಟಿದ್ದ ತಟ್ಟೆಯೊಳಕ್ಕೇ ಕಾಲಿಟ್ಟಳು. ಮರುದಿನ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕಬೇಕಾಗಿದ್ದ, ಹಣ್ಣಾದ ಹುಳುಗಳು. ಅಮ್ಮ ಕಾಲು ಎತ್ತಲೂ ಹೆದರಿ ಹಾಗೆಯೇ ನಿಂತು ಅಳುತ್ತಿದ್ದದ್ದು ನನಗೆ ನೆನಪಿದೆ. ಅಜ್ಜಿ ಅವತ್ತು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಜಗಲಿಯ ಮೇಲೆ ಕೂತು, ಬೀದಿಯವರಿಗೆ ಕೇಳುವ ಹಾಗೆ, ಹುಳು ತುಳಿದವಳನ್ನು ಮನೆಯಲ್ಲಿ ಇಟ್ಟುಕೊಂಡರೆ ಬೆಳೆ ಹತ್ತುವುದಿಲ್ಲ, ಸಾದಲಿಗೆ ಕಳಿಸಿಬಿಡಬೇಕು ಎಂದಳು.

ಅಪ್ಪ ಅಮ್ಮನನ್ನು ಚಿಂತಾಮಣಿಯ ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಅಮ್ಮ ಮೇಲಿನಿಂದ ಕೆಳಗಿನ ತನಕ ತಡವರಿಸದೆ ಓದಿದಳು. ಅಂಗಡಿಯವರಿಗೇ ಆಶ್ಚರ್ಯ.

“ಕಣ್ಣಲ್ಲಿ ಏನೂ ತೊಂದ್ರೆ ಇಲ್ಲ ಮೇಷ್ಟ್ರೇ. ಕೊನೇ ಸಾಲು ನಂಗೇ ಸರಿಯಾಗಿ ಕಾಣಲ್ಲ, ಇವರು ಓದ್ಬಿಟ್ರು.”

ಬೇರೆ ಗಂಡಸಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಮ್ಮ ಸುಳ್ಳುಗಾತಿ ಎಂದು ತೀರ್ಮಾನವಾಗುತ್ತಿತ್ತು. ಅಪ್ಪನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ಹೆಂಡತಿಯನ್ನು ನಂಬುವುದೆಂದು ನಿರ್ಧರಿಸಿದ್ದ, ಚಿಂತಾಮಣಿಯ ಹಲಗೆ ಏನು ಹೇಳಿದರೂ ಸರಿ. ಅವಳಿಗೆ ಕಾಣುತ್ತಿಲ್ಲ, ಕಾಣದವರಿಗೆ ದೊಡ್ಡದಾಗಿ ಬರೆಯಬೇಕು. ಡ್ರಾಯಿಂಗ್ ಮೇಷ್ಟ್ರಿಗೆ ತೋಚಿದ ಮದ್ದು ಅದೊಂದೇ. ಅವನ ಆ ಪ್ರೀತಿಯನ್ನು ನೆನೆದರೆ ನನಗೆ ಈಗಲೂ ಅವನ ಕೈ ಹಿಡಿದುಕೊಳ್ಳೋಣ ಅನ್ನಿಸುತ್ತದೆ, ಜೊತೆಗೆ ಎರಡು ಬೈಯೋಣ ಎಂದೂ ಅನ್ನಿಸುತ್ತದೆ. ಏನು ಕಾಣುತ್ತದೆ, ಹೇಗೆ ಕಾಣುತ್ತದೆ ಎಂದು ಒಂದು ಸಲ ಕೇಳಬಹುದಿತ್ತಲ್ಲ.

ಅಕ್ಷರ ಹುಟ್ಟಿದ್ದು ನಮ್ಮ ನಡುಮನೆಯ ನೆಲದ ಮೇಲೆ. ಅಪ್ಪನಿಗೆ ಕುಂಚ ಓಡಿದ ಹಾಗೆ ಹೋಗುವ ಬಳುಕು ಅಕ್ಷರ ಬೇಡವಾಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆದರೆ ಸಣ್ಣಗಿರುವ ಕಡೆ ಕಣ್ಣು ಜಾರಿಬಿಡುತ್ತದೆ ಎಂದು ಅವನ ವಾದ. ಆದ್ದರಿಂದ ಗೆರೆ ಎಲ್ಲಿ ನೋಡಿದರೂ ಒಂದೇ ದಪ್ಪ. ಬಾಗುವ ಕಡೆಯೆಲ್ಲ ಅಪ್ಪಟ ಅರ್ಧ ವೃತ್ತ, ನಡುವೆ ಎಳೆದು ಅಗಲ ಮಾಡಿದ ನೇರ ಗೆರೆ. ಎತ್ತರ ಒಂದು ಪಾಲಾದರೆ ಅಗಲ ಎರಡು ಪಾಲು. ತಲೆಕಟ್ಟು ಬಾಗಿಲ ಮೇಲಿನ ತೊಲೆಯಂತೆ ಮಟ್ಟ. ವೃತ್ತಕ್ಕೆ ಅವನು ಕೈವಾರ ಹುಡುಕುತ್ತಿರಲಿಲ್ಲ, ಅಡುಗೆಮನೆಗೆ ನುಗ್ಗುತ್ತಿದ್ದ. ಸಣ್ಣ ಸುಳಿಗೆ ಲೋಟದ ಬಾಯಿ, ಹೊಟ್ಟೆಗೆ ಸಾರಿನ ಪಾತ್ರೆಯ ಮುಚ್ಚಳ, ಗೋಡೆಯ ಅಕ್ಷರಕ್ಕೆ ಹುಳು ಸಾಕುವ ಬಿದಿರಿನ ತಟ್ಟೆ. ಸಾರು ಕುದಿಯುತ್ತಿರುವಾಗ ಮುಚ್ಚಳ ಸಿಗದೆ, ಅದು ನಡುಮನೆಯಲ್ಲಿ ‘ರ’ ಆಗುತ್ತಿದೆ ಎಂದು ಗೊತ್ತಾಗಿ ಅಜ್ಜಿ ಕಿರುಚುತ್ತಿದ್ದಳು. ಒತ್ತಕ್ಷರ ಬಂದಾಗ ಅಪ್ಪನಿಗೆ ನಿಜವಾದ ಕಷ್ಟ. ಅಷ್ಟು ದಪ್ಪ ಅಕ್ಷರದ ಅಡಿಯಲ್ಲಿ ಅಷ್ಟೇ ದಪ್ಪದ ಒತ್ತಿಗೆ ಜಾಗವೆಲ್ಲಿ? ಅದನ್ನು ಕೆಳಗಿನಿಂದ ಎತ್ತಿ ಪಕ್ಕಕ್ಕೆ ತಂದು ಕೂರಿಸಿದ. ಅಕ್ಷರ ಇನ್ನೂ ಅಗಲವಾಯಿತು. ಅಪ್ಪನಿಗೆ ಅದರಿಂದ ಸಂತೋಷವೇ.

ಗೌರಿಬಿದನೂರಿನ ಗುತ್ತಿಗೆದಾರ ರಂಗಪ್ಪ ಎಂಬವರು ಅಪ್ಪನ ಪರಿಚಯದವರು. ಒಂದು ದಿನ ಕಾಫಿ ಕುಡಿಯಲು ಬಂದವರು ಒಳಗಿನ ಡಬ್ಬಿಗಳನ್ನು ನೋಡಿ ಲೋಟ ಕೆಳಗಿಟ್ಟರು. ಕುಡುಮಲಕುಂಟೆಯಲ್ಲಿ ಅವರು ಕಟ್ಟಿಸುತ್ತಿದ್ದ ಒಂದು ಕಾರ್ಖಾನೆಯ ಗೇಟಿಗೆ ಇಂಥದ್ದೇ ಬೇಕೆಂದರು. ಲಾರಿಯವನು ದೂರದಲ್ಲಿ ಬರುತ್ತಿರುವಾಗಲೇ ಓದಿ ಬ್ರೇಕಿನ ಮೇಲೆ ಕಾಲಿಡಬೇಕು, ಹಾಗಿರಬೇಕು ಅಕ್ಷರ. ಅಲ್ಲಿಂದ ಮುಂದೆ ಅಪ್ಪನನ್ನು ಹಿಡಿಯುವವರಿಲ್ಲ. ಶಾಲೆಯ ರಜೆಗಳಲ್ಲಿ ಬಣ್ಣದ ಡಬ್ಬ ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಿದ್ದ. ಪೆರೇಸಂದ್ರದ ಹೆದ್ದಾರಿಯ ಬದಿಯಲ್ಲಿ ‘ಊಟ ತಯಾರಿದೆ’, ಚಿಕ್ಕಬಳ್ಳಾಪುರದಲ್ಲಿ ಒಂದು ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಟ್ರೇಲರುಗಳ ಹಿಂಭಾಗ. ಒಂದು ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲೆ ಬರೆಯುತ್ತಾ ಬರೆಯುತ್ತಾ ಗೋಡೆಯೇ ಮುಗಿದುಹೋಗಿ, ಕೊನೆಯ ಅಕ್ಷರ ಮೂಲೆ ತಿರುಗಿ ಸಂದಿಯೊಳಕ್ಕೆ ಹೋಯಿತು. ಸ್ವಲ್ಪ ಕಿರಿದು ಮಾಡಿ ಎಂದು ಅಂಗಡಿಯವನು ಮೊದಲೇ ಬೇಡಿಕೊಂಡಿದ್ದನಂತೆ. ಕಿರಿದು ಮಾಡಿದರೆ ಅದು ನನ್ನ ಅಕ್ಷರವೇ ಅಲ್ಲ ಎಂದು ಅಪ್ಪ ಹೇಳಿದ್ದನಂತೆ. ಊರವರು ಅದಕ್ಕೆ ಎಮ್ಮೆ ಅಕ್ಷರ ಎಂದು ಹೆಸರಿಟ್ಟರು. ದಾರಿಯಲ್ಲಿ ಅಡ್ಡ ಮಲಗಿದ ಎಮ್ಮೆಯನ್ನು ನೋಡದೆ ಹೋಗಲು ಯಾರಿಗಾದರೂ ಸಾಧ್ಯವೇ ಎಂದು ಅಪ್ಪ ಆ ಹೆಸರನ್ನೂ ಬಿರುದಿನಂತೆ ತೆಗೆದುಕೊಂಡ.

ಊರಿಗೆಲ್ಲ ಕಂಡ ಅಕ್ಷರ ನಮ್ಮ ಅಡುಗೆಮನೆಯಲ್ಲಿ ಕಾಣಲಿಲ್ಲ. ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ನಾನು ಅದನ್ನು ಕಂಡುಕೊಂಡದ್ದು ತುಂಬ ಸುಲಭವಾಗಿ. ಅಮ್ಮ ಯಾವತ್ತೂ ಡಬ್ಬಿಯನ್ನು ತಿರುಗಿಸುತ್ತಿರಲಿಲ್ಲ. ಡಬ್ಬಿಗಳನ್ನು ಜೋಡಿಸಿದ್ದ ಹಲಗೆಯ ತುದಿಯಿಂದ ಕೈಯಾಡಿಸಿಕೊಂಡು ಬಂದು ‘ಉಪ್ಪು, ರವೆ, ಸಕ್ಕರೆ’ ಎಂದು ತುಟಿಯಲ್ಲೇ ಎಣಿಸಿ ತೆಗೆಯುತ್ತಿದ್ದಳು. ಒಂದು ಮಧ್ಯಾಹ್ನ ನಾನು ಕೇಳಿಯೇಬಿಟ್ಟೆ.

“ಅಮ್ಮ, ಅಪ್ಪ ಬರ್ದಿರೋದು ನಿಂಗೆ ಕಾಣಲ್ವಾ?”

“ಹತ್ರ ಬಂದ್ರೆ ಬರೀ ಕಪ್ಪು ಕಾಣುತ್ತೆ ಕಣೇ. ಎಲ್ಲಿ ಶುರು, ಎಲ್ಲಿ ಮುಗೀತು ಗೊತ್ತಾಗಲ್ಲ. ಪೇಪರ್ ಕೊಡು, ಓದ್ತೀನಿ.”

“ಮತ್ತೆ ಅಪ್ಪಂಗೆ ಹೇಳು.”

ಅಮ್ಮ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ನೋಟಕ್ಕೆ ಸರಿಯಾಗಿ ತಂದುಕೊಂಡಳು. ಅವಳು ನಮ್ಮನ್ನೆಲ್ಲ ನೋಡುತ್ತಿದ್ದದ್ದು ಹಾಗೆಯೇ.

“ಬೇಡಮ್ಮ. ದೊಡ್ಡದು ಕಾಣಲ್ಲ, ಸಣ್ಣದು ಕಾಣುತ್ತೆ ಅಂದ್ರೆ ಯಾರು ನಂಬ್ತಾರೆ? ಅವ್ರೂ ನಿಮ್ಮಜ್ಜಿ ಥರ ನಾಟ್ಕ ಅಂದ್ಕೋತಾರೆ. ಈ ಮನೇಲಿ ನನ್ನ ನಂಬಿರೋರು ಅವರೊಬ್ರೇ.”

ಈ ಮಾತು ನನ್ನ ಬಾಲ್ಯದ ಮೇಲೆ ಭಾರವಾಗಿ ಕೂತಿತು. ಅಪ್ಪ ಹಬ್ಬ ಹಬ್ಬಕ್ಕೆ ಹೊಸ ಬಣ್ಣ ತೀಡಿ ‘ಈಗ ಹೇಗಿದೆ?’ ಎಂದು ಕೇಳುವನು, ಅಮ್ಮ ‘ಚೆನ್ನಾಗಿ ಕಾಣುತ್ತೆ’ ಎನ್ನುವಳು, ಅಪ್ಪ ಹಿಗ್ಗುವನು. ಆ ಹಿಗ್ಗನ್ನು ನೋಡಲು ನನಗೆ ಹೆದರಿಕೆಯಾಗುತ್ತಿತ್ತು. ಅಮ್ಮ ಈ ಮನೆಯಲ್ಲಿ ಉಳಿದಿರುವುದು ಆ ಒಂದು ಸುಳ್ಳಿನ ಮೇಲೆ ಎಂದು ನನಗೆ ಗೊತ್ತಿತ್ತು.

ಆ ವರ್ಷದ ಯುಗಾದಿಗೆ ರಂಗಪ್ಪನವರನ್ನು ಅಪ್ಪ ಊಟಕ್ಕೆ ಕರೆದಿದ್ದ. ನಮ್ಮ ಮನೆಯ ಯುಗಾದಿಗೆ ಎರಡು ಕಟ್ಟಳೆ ಇದ್ದವು. ಒಂದು, ಅಜ್ಜಿ ಕಲ್ಲುಪ್ಪನ್ನು ಬಿಸಿಲಿಗೆ ಹಾಕಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ವರ್ಷಕ್ಕಾಗುವಷ್ಟು ಪುಡಿ ಉಪ್ಪು ಮಾಡಿಟ್ಟುಕೊಂಡು ಡಬ್ಬಿ ತುಂಬುವುದು. ಇನ್ನೊಂದು, ಬೇವುಬೆಲ್ಲವಾದ ಮೇಲೆ ಅಮ್ಮ ಹೊಸ ಪಂಚಾಂಗ ತೆಗೆದು ಎಲ್ಲರ ರಾಶಿಯ ಆದಾಯ ವ್ಯಯ ಓದುವುದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಇಡೀ ವರ್ಷ ಬೈದ ಸೊಸೆಯ ಮುಂದೆ ಅವತ್ತೊಂದು ದಿನ ಕಾಲು ಮಡಚಿ ಕೂತು, ತನ್ನ ರಾಶಿಯಲ್ಲಿ ವ್ಯಯವೇ ಹೆಚ್ಚು ಬಂದರೆ ಪಂಚಾಂಗ ಬರೆದವನನ್ನು ಬೈಯುತ್ತಿದ್ದಳು. ಆ ಬೆಳಿಗ್ಗೆಯೂ ಅಮ್ಮ ಬಾಗಿಲ ಬೆಳಕಿಗೆ ಕೂತು, ಇರುವೆ ಸಾಲಿನಂಥ ಆ ಅಕ್ಷರಗಳನ್ನು ಸಲೀಸಾಗಿ ಓದಿದಳು. ಅಜ್ಜಿ ಅವಳ ಕಣ್ಣನ್ನೇ ನೋಡುತ್ತಿದ್ದಳು.

ಎಲೆಯ ಮೇಲೆ ಹೋಳಿಗೆ, ಕೋಸಂಬರಿ, ಪಲ್ಯ. ಬಟ್ಟಲಿನಲ್ಲಿ ಶ್ಯಾವಿಗೆ ಪಾಯಸ. ರಂಗಪ್ಪನವರು ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ಪಕ್ಕಕ್ಕಿಟ್ಟರು. ಆಮೇಲೆ ‘ಚೆನ್ನಾಗೈತಮ್ಮ’ ಎಂದು ಲೋಟದ ನೀರನ್ನೆಲ್ಲ ಕುಡಿದರು. ಅಪ್ಪ ತನ್ನ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡವನು ತಲೆಯೆತ್ತಲೇ ಇಲ್ಲ. ಬರೀ ಉಪ್ಪು. ಅತಿಥಿಗಳು ಎಲೆಯಡಿಕೆ ಹಾಕಿಕೊಂಡು, ಏನೂ ಆಗದವರಂತೆ ಮಾತಾಡಿ ಹೋದರು. ದೊಡ್ಡ ಮನಸ್ಸಿನವರು. ಅವರು ಬೀದಿ ತಿರುಗಿದ ಮೇಲೆ ಅಪ್ಪ ಅಡುಗೆಮನೆಗೆ ಬಂದ, ಹಿಂದೆಯೇ ಅಜ್ಜಿ.

“ಜಾಗ ಬದ್ಲಾಯ್ಸಿದ್ದು ನಾನೇ ಕಣಪ್ಪ. ಪಲ್ಯ, ಕೋಸಂಬರಿ ಆದ್ಮೇಲೆ ಸಕ್ಕರೆ ಜಾಗದಲ್ಲಿ ಉಪ್ಪಿನ ಡಬ್ಬಿ ಇಟ್ಟೆ. ಓದ್ತಾಳೆ, ಓದ್ತಾಳೆ ಅಂತಿದ್ಯಲ್ಲ, ನೋಡಣ ಅಂತ. ಬೆಳಿಗ್ಗೆ ಇರುವೆ ಅಕ್ಷರ ಓದಿದ್ಲು, ನೀನು ಬರ್ದಿರೋ ಎಮ್ಮೆ ಕಾಣ್ಲಿಲ್ವಂತಾ?”

ಅಪ್ಪ ಡಬ್ಬಿಯನ್ನು ಎತ್ತಿ ಅಮ್ಮನ ಮುಖದ ಮುಂದೆ ಹಿಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು.

“ಇಷ್ಟು ದಪ್ಪ ಬರ್ದಿದೀನಲ್ಲೇ ಸರೋಜ. ಇದೂ ಕಾಣಲ್ವಾ ನಿಂಗೆ?”

“ಕಾಣಲ್ಲ.”

“ಮತ್ತೆ ಇಷ್ಟು ದಿನ ಕಾಣುತ್ತೆ ಅಂತಿದ್ದೆ?”

“ನೀವು ಬರ್ದಿದೀರಲ್ಲ, ಅದಕ್ಕೆ.”

“ಕೇಳ್ದ್ಯಾ?” ಎಂದಳು ಅಜ್ಜಿ. “ಸಾದಲಿಗೆ ಬಿಟ್ಟು ಬಾ ಇವ್ಳನ್ನ. ನಾಟ್ಕ ಅಲ್ಲೇ ಆಡ್ಲಿ.”

ಈ ಮಾತನ್ನು ಅಜ್ಜಿ ಎಷ್ಟೋ 	ಸಲ ಆಡಿದ್ದಳು. ಪ್ರತಿ ಸಲವೂ ಅಪ್ಪ ‘ಸುಮ್ನಿರಮ್ಮ’ ಎನ್ನುತ್ತಿದ್ದ. ಅವತ್ತು ಎನ್ನಲಿಲ್ಲ. ಡಬ್ಬಿ ಹಿಡಿದು ನಿಂತೇ ಇದ್ದ. ಅಮ್ಮ ಒಲೆಯ ಬಳಿ ಬಗ್ಗಿ, ಬೆಂಕಿ ಊದುವ ಕಬ್ಬಿಣದ ಊದುಗೊಳವೆಯನ್ನು ತಡಕಿ ತೆಗೆದುಕೊಂಡಳು. ಒಂದು ಗಳಿಗೆ ನನಗೆ ಅವಳು ಯಾರಿಗಾದರೂ ಹೊಡೆಯುತ್ತಾಳೇನೋ ಅನ್ನಿಸಿತು. ಅವಳು ಅದರ ಬೂದಿಯನ್ನು ಸೆರಗಿನಿಂದ ಒರೆಸಿ ಅಪ್ಪನ ಕೈಗೆ ಕೊಟ್ಟಳು.

“ಒಂದು ಕಣ್ಣು ಮುಚ್ಕೊಂಡು ಇದ್ರೊಳಗಿಂದ ನೋಡಿ. ನಂಗೆ ಇದಕ್ಕಿಂತ ಸ್ವಲ್ಪ ಅಗಲ ಕಾಣುತ್ತೆ. ಆದ್ರೆ ಹಿಂಗೇ.”

ಅಪ್ಪ ಕೊಳವೆಯನ್ನು ಕಣ್ಣಿಗಿಟ್ಟುಕೊಂಡು ಡಬ್ಬಿಯನ್ನು ನೋಡಿದ. ಕಪ್ಪು. ಡಬ್ಬಿ ತಿರುಗಿಸಿದ. ಹಳದಿ, ಮತ್ತೆ ಕಪ್ಪು. ಅಮ್ಮ ಪಂಚಾಂಗ ತಂದು ಮುಂದೆ ಹಿಡಿದಳು. ಅಪ್ಪ ಕೊಳವೆಯೊಳಗಿನಿಂದಲೇ ಒಂದು ಪದವನ್ನು ಪೂರ್ತಿ ಓದಿದ. ಆಮೇಲೆ ನಡುಮನೆಗೆ ಬಂದು, ಬಾಗಿಲ ಪಕ್ಕದ ಗೋಡೆಗೆ ತಿರುಗಿ, ತಾನು ಬಿದಿರ ತಟ್ಟೆ ಇಟ್ಟು ಗೀಚಿದ್ದ ಆ ದೊಡ್ಡ ಬರಹವನ್ನು ಹುಡುಕತೊಡಗಿದ. ಒಂದು ಕಪ್ಪು ಪಟ್ಟೆ ಬಿಟ್ಟರೆ ಏನೂ ಸಿಗಲಿಲ್ಲವೆಂದು ತೋರುತ್ತದೆ, ಹಿಂದಕ್ಕೆ ಹೆಜ್ಜೆ ಇಟ್ಟ. ಇನ್ನಷ್ಟು ಹಿಂದಕ್ಕೆ. ನಡುಮನೆ ಪೂರ್ತಿ ದಾಟಿ, ಕೊಳವೆ ಕಣ್ಣಿನಿಂದ ತೆಗೆಯದೆ, ಬೀದಿ ಬಾಗಿಲ ತನಕ ಹೋದ. ಅಲ್ಲಿ ಅವನ ಮುಖ ಬದಲಾಯಿತು. ‘ಹೊಸ್ತಿಲು’ ಎಂದು ಗಟ್ಟಿಯಾಗಿ ಓದಿದ, ಓದುತ್ತಲೇ ಬೀದಿ ಬಾಗಿಲ ಹೊಸ್ತಿಲಿಗೆ ಹಿಮ್ಮಡಿ ತಾಗಿ ಜಗಲಿಯ ಮೇಲೆ ದೊಪ್ಪನೆ ಕುಸಿದ. ಬೇರೆ ದಿನವಾಗಿದ್ದರೆ ನಾವೆಲ್ಲ ನಗುತ್ತಿದ್ದೆವು. ಅಪ್ಪ ಅಲ್ಲಿಯೇ ಕೂತು, ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದ. ಗಂಡಸರು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಕೊಡಿಲ್ಲಿ” ಎಂದು ಅಜ್ಜಿ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ಸುಳ್ಳನ್ನು ಹಿಡಿದೇ ತೀರುತ್ತೇನೆ ಎಂಬ ರಭಸದಲ್ಲಿ ಕಣ್ಣಿಗಿಟ್ಟುಕೊಂಡು ಹುಳುಮನೆಯ ಕಡೆ ಹೊರಟಳು. ಆದರೆ ನಾಲ್ಕು ಹೆಜ್ಜೆಗೆ ಅವಳ ರಭಸ ಇಳಿಯಿತು. ಒಂದು ಕೈ ಗೋಡೆಗೆ ಹೋಯಿತು. ಕಾಲು ನೆಲ ಸವರಿಕೊಂಡು ಮುಂದಿನ ಜಾಗವನ್ನು ಕೇಳಿ ಕೇಳಿ ಇಡತೊಡಗಿತು. ಅದು ಅಮ್ಮನ ನಡಿಗೆ. ಒಂದು ಕೂದಲೂ ವ್ಯತ್ಯಾಸವಿಲ್ಲದ ಅಮ್ಮನ ನಡಿಗೆ. ಹುಳುಮನೆಯ ಹೊಸ್ತಿಲಿಗೆ ಅಜ್ಜಿಯ ಮುಂಗಾಲು ಬಡಿಯಿತು. ಅವಳು ಕೊಳವೆ ಇಳಿಸಿ, ಹೊಸ್ತಿಲ ಮೇಲೆ ಕೂತು, ಸೊಸೆಯ ಮುಂಗಾಲುಗಳನ್ನೇ ನೋಡಿದಳು.

“ಎಷ್ಟು ವರ್ಷದಿಂದ ಹಿಂಗೈತೆ?”

“ಗೊತ್ತಿಲ್ಲ ಅತ್ತೆ. ಚಿಕ್ಕೋಳಿದ್ದಾಗ್ಲೂ ಸಂಜೆ ಕಾಣ್ತಿರ್ಲಿಲ್ಲ. ನಮ್ಮ ಸೋದರತ್ತೇಗೂ ಹಿಂಗೇ ಇತ್ತು, ಕೊನೆಗೆ ಪೂರ್ತಿ ಹೋಯ್ತು.”

ಈ ಮಾತು ಮನೆಯಲ್ಲಿ ಬಿದ್ದಾಗ ನನಗೆ ಇನ್ನೂ ಹೆದರಿಕೆಯಾಯಿತು. ಮದುವೆಗೆ ಮುಂಚೆ ಮುಚ್ಚಿಟ್ಟರು ಎಂಬ ಹೊಸ ಅಸ್ತ್ರವೊಂದು ಅಜ್ಜಿಯ ಕೈಗೆ ಸಿಕ್ಕಿತ್ತು. ಅಜ್ಜಿ ಅದನ್ನು ಬಳಸಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಉಪ್ಪಿನ ಡಬ್ಬಿಯನ್ನು ಅದರ ಮೊದಲಿನ ಜಾಗದಲ್ಲಿ ಇಟ್ಟಳು, ಸಕ್ಕರೆಯನ್ನು ಸಕ್ಕರೆಯ ಜಾಗದಲ್ಲಿ. ಹಲಗೆಗೆ ಅಂಗೈಯಿಂದ ಒಂದು ಏಟು ಹಾಕಿದಳು.

“ಇನ್ಮೇಲೆ ಇಲ್ಲಿಂದ ಒಂದು ಡಬ್ಬೀನೂ ಯಾರೂ ಕದಲಿಸ್ಕೂಡ್ದು. ನಾನು ಸತ್ರೂನೂ.”

ಕ್ಷಮಿಸು ಎನ್ನುವ ಪದ ಅಜ್ಜಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಆದರೆ ಅವತ್ತಿನಿಂದ ಸಾದಲಿಯ ಮಾತು ನಿಂತಿತು. ನೆಲದ ಮೇಲೆ ಏನನ್ನಾದರೂ ಇಟ್ಟವರಿಗೆ, ಅದು ನಾನಾಗಲಿ ಅಪ್ಪನಾಗಲಿ, ತೆಲುಗಿನಲ್ಲಿ ಬೈಗುಳ ಬೀಳುತ್ತಿತ್ತು.

ಅಪ್ಪ ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಸಾಯುತ್ತ ಬರುತ್ತಿದೆ, ನಡುವಿನದು ಕೊನೆಗೆ ಹೋಗುತ್ತದೆ, ಔಷಧವಿಲ್ಲ ಎಂದರು. ರಕ್ತದಲ್ಲಿ ಹರಿದು ಬರುವ ಕಾಯಿಲೆ ಎಂದೂ ಹೇಳಿದರು. ಆ ಮಾತು ಕೇಳಿದ ಮೇಲೆ ನಾನು ಕದ್ದು ಕದ್ದು ನನ್ನ ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಬೆರಳು ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ನನಗೆ ಅದು ಬರಲಿಲ್ಲ. ಆದರೂ ಈಗಲೂ ಬಸ್ಸಿಗೆ ಕಾಯುತ್ತ ನಿಂತಾಗ ಕೈ ತಾನಾಗಿ ಚಾಚಿಕೊಳ್ಳುತ್ತದೆ. ಗೌರಿಬಿದನೂರಿನಲ್ಲಿ ನಾನು ಟೀಚರಾಗಿದ್ದ ವರ್ಷಗಳಲ್ಲಿ, ಬೋರ್ಡಿನ ಮೇಲೆ ಬರೆದದ್ದು ಅರ್ಥವಾಗಲಿಲ್ಲ ಎಂದ ಮಗುವಿಗೆ ಇನ್ನೂ ದೊಡ್ಡದಾಗಿ ಬರೆದು ತೋರಿಸಲು ನನಗೆ ಕೈ ಬರುತ್ತಿರಲಿಲ್ಲ. ಅದರ ಪಕ್ಕ ಹೋಗಿ ಕೂತು, ಇಲ್ಲಿಂದ ನಿನಗೆ ಏನು ಕಾಣುತ್ತದೆ ಎಂದು ಕೇಳುತ್ತಿದ್ದೆ. ನಾನು ಕಲಿತ ವಿದ್ಯೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಇದೊಂದೇ.

ಅಪ್ಪ ಡಬ್ಬಿಗಳ ಬಣ್ಣ ಕೆರೆದು ಹಾಕಲು ಹೊರಟಾಗ ಅಮ್ಮ ಬಿಡಲಿಲ್ಲ. ಹಾಗಾಗಿ ಅವನು ಪ್ರತಿ ಅಕ್ಷರದ ಹೊಟ್ಟೆಯೊಳಗೆ ಉಳಿದಿದ್ದ ಹಳದಿ ಜಾಗದಲ್ಲಿ, ಸಣ್ಣ ಕುಂಚ ಹಿಡಿದು, ಕಡಲೆಬೇಳೆಯಷ್ಟು ದೊಡ್ಡದಾಗಿ ಅದೇ ಹೆಸರನ್ನು ಮತ್ತೆ ಬರೆದ. ಕೆಲವು ವರ್ಷ ಅಮ್ಮ ಅದನ್ನು ಓದಿದಳು. ಆಮೇಲೆ ಒಂದು ಯುಗಾದಿಗೆ ಪಂಚಾಂಗವನ್ನು ನನ್ನ ಕೈಗೆ ಕೊಟ್ಟು ‘ನೀನೇ ಓದಮ್ಮ’ ಎಂದಳು. ಅಜ್ಜಿ ಆಗ ಇನ್ನೂ ಇದ್ದಳು, ತನ್ನ ರಾಶಿ ಏನು ಹೇಳಿತೆಂದು ಅವತ್ತು ಕೇಳಲಿಲ್ಲ.

ಅಪ್ಪ ಪ್ರತಿ ಯುಗಾದಿಗೂ ಡಬ್ಬಿಗಳಿಗೆ ಬಣ್ಣ ತೀಡುವುದನ್ನು ಮಾತ್ರ ಬಿಡಲಿಲ್ಲ. ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ, ಅದರ ಮೇಲೆ ಇನ್ನೊಂದು. ಕಾಣದವಳಿಗೆ ಯಾಕೆ ಇದೆಲ್ಲ ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಎನಾಮಲ್ ಪದರ ಪದರವಾಗಿ ಕೂತು, ಅಕ್ಷರಗಳು ಡಬ್ಬಿಯ ಮೇಲೆ ಬದುವಿನಂತೆ ಎದ್ದು ನಿಂತವು. ಒಂದು ದಿನ ಅಮ್ಮ ಒಲೆಯ ಮುಂದೆ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನಕ್ಕೆ ತಿರುಗಿಸುತ್ತಿದ್ದಳು. ತೋರುಬೆರಳು ‘ಉ’ ಅಕ್ಷರದ ಹೊಟ್ಟೆಯ ಅಂಚು ಹಿಡಿದು ಹೋಗುತ್ತಿತ್ತು. ಬೆರಳು ನಡೆಯುವಷ್ಟು ಅಗಲದ ದಾರಿ ಅಪ್ಪನ ಅಕ್ಷರದಲ್ಲಿ ಬಿಟ್ಟು ಬೇರೆಲ್ಲಿತ್ತು?

“ರೀ,” ಎಂದು ಕೂಗಿದಳು, “ನಿಮ್ಮ ಅಕ್ಷರ ಈಗ ಓದಕ್ಕೆ ಬಂತು ನೋಡಿ.”

ಅಪ್ಪ ಹೋಗಿ ವರ್ಷಗಳಾದವು. ಅಮ್ಮ ಈಗ ನನ್ನ ಜೊತೆ ಇದ್ದಾಳೆ, ಡಬ್ಬಿಗಳೂ ಅದೇ ಕ್ರಮದಲ್ಲಿ ಬಂದಿವೆ. ಮೊನ್ನೆ ಚೈತ್ರ ಬಂದಿದ್ದಳು, ನನ್ನ ಹಳೆಯ ವಿದ್ಯಾರ್ಥಿನಿ. ಅಕ್ಷರ ವಿನ್ಯಾಸ ಓದಿದವಳು. ಕುಡುಮಲಕುಂಟೆಯ ಮಾಸಿದ ಗೇಟು, ಮೂಲೆ ತಿರುಗಿದ ಹಾರ್ಡ್‌ವೇರ್ ಅಂಗಡಿ, ನಮ್ಮ ಡಬ್ಬಿಗಳು, ಎಲ್ಲದರ ಫೋಟೋ ತೆಗೆದು ಅಪ್ಪನ ಅಕ್ಷರವನ್ನು ಕಂಪ್ಯೂಟರಿನ ಫಾಂಟ್ ಮಾಡುತ್ತಿದ್ದಾಳೆ. ಪೋಸ್ಟರಿಗೆ, ಪುಸ್ತಕದ ಮುಖಪುಟಕ್ಕೆ, ಕಬಡ್ಡಿ ಹುಡುಗರ ಬನಿಯನ್ನಿಗೆ ಹೇಳಿ ಮಾಡಿಸಿದ ಹಾಗಿದೆ ಎಂದಳು. ದೊಡ್ಡ ಹಾಳೆಯ ಮೇಲೆ ‘ಉಪ್ಪು’ ಅಚ್ಚು ಹಾಕಿಸಿ ತಂದಿದ್ದಳು. ಅಪ್ಪ ನೋಡಿದ್ದರೆ ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ, ಅಷ್ಟು ಚೆನ್ನಾಗಿತ್ತು. ಅಮ್ಮನ ಕೈಗೆ ಕೊಟ್ಟೆವು. ಅವಳು ಅಂಗೈಯಿಂದ ಹಾಳೆಯನ್ನು ಮೇಲಿನಿಂದ ಕೆಳಗೆ ಸವರಿದಳು.

“ಏನೂ ಬರ್ದೇ ಇಲ್ವಲ್ಲಮ್ಮ ಇದ್ರಲ್ಲಿ.”

ಚೈತ್ರಳ ಮುಖ ಸಪ್ಪಗಾಯಿತು. ಮಾತು ಬದಲಿಸಲೆಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ಡಬ್ಬಿಯ ಫೋಟೋದ ಮೇಲೆ ಬೆರಳಿಟ್ಟಳು.

“ಮೇಡಂ, ಎಲ್ಲ ಪಕ್ಕಾ ವೃತ್ತ ಇದೆ. ಇಲ್ಲಿ ಮಾತ್ರ, ಉ ಹೊಟ್ಟೇಲಿ, ಗೆರೆ ಸ್ವಲ್ಪ ಒಳಗೆ ಸರಿದು ಅಂಕುಡೊಂಕಾಗಿದೆ. ಇದನ್ನ ಸರಿ ಮಾಡ್ಲಾ?”

ಅದು ಅಪ್ಪ ಕೊನೆಯ ಯುಗಾದಿಗೆ ತೀಡಿದ ಗೆರೆ. ಅಷ್ಟು ಹೊತ್ತಿಗೆ ಅವನ ಕೈ ನಡುಗುತ್ತಿತ್ತು, ಕುಂಚ ಹಿಡಿಯಲು ಇನ್ನೊಂದು ಕೈಯ ಆಸರೆ ಬೇಕಾಗಿತ್ತು. ನಾನು ಉತ್ತರ ಹೇಳುವ ಮುಂಚೆ ಅಮ್ಮ ಎದ್ದು, ಹಲಗೆಯ ತುದಿಯಿಂದ ಉಪ್ಪಿನ ಡಬ್ಬಿ ತಂದು, ಚೈತ್ರಳ ಬೆರಳು ಹಿಡಿದು ಆ ಅಂಕುಡೊಂಕಿನ ಮೇಲೆ ಇಟ್ಟಳು.

“ಬೇಡ ಕಣಮ್ಮ. ನಾನು ದಿನಾ ಓದೋದು ಇದನ್ನೇ.”